ಒರಿಜಿನಲ್ ಎಂಬ ಹಠ ಮತ್ತು ಒಂದು ಹೀಟ್ ಮೀಟರ್

ಹೋದ ಚಳಿಗಾಲದಲ್ಲಿ ದೊಡ್ಡಪ್ಪನ ಜೊತೆ ಹಳೆಯ ಕಾರುಗಳ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ನಮ್ಮದು 1955ರ ಮಾರಿಸ್ ಮೈನರ್. ಅಜ್ಜ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು, ಆಮೇಲೆ ದೊಡ್ಡಪ್ಪನ ಪಾಲಿಗೆ ಬಂದದ್ದು. ತೀರ್ಪುಗಾರರೊಬ್ಬರು ಕೈಯಲ್ಲಿ ಅಂಕಪಟ್ಟಿ ಹಿಡಿದು ಬಂದರು. ಬಾನೆಟ್ ಎತ್ತಿಸಿದರು, ಬಾಗಿಲು ತೆಗೆಸಿದರು, ಒಳಗೆ ಬಗ್ಗಿ ನೋಡಿದರು. ಅವರ ಪೆನ್ನಿನ ತುದಿ ಡ್ಯಾಶ್‌ಬೋರ್ಡಿನ ಕೆಳಗಿದ್ದ ಒಂದು ಪುಟ್ಟ ದುಂಡು ಗೇಜಿನ ಮೇಲೆ ನಿಂತಿತು.

"ಇದು ಒರಿಜಿನಲ್ ಅಲ್ಲ."

"ಅಲ್ಲ ಸಾರ್. ಹೋದ ವರ್ಷ ಹಾಕಿಸಿದ್ದು. ಹೀಟ್ ಮೀಟರ್," ಅಂದರು ದೊಡ್ಡಪ್ಪ.

ಅವರು ಏನೋ ಬರೆದುಕೊಂಡರು. ಅಂಕ ಹೋಯಿತು ಎಂದು ಇಬ್ಬರಿಗೂ ಗೊತ್ತಾಯಿತು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೊರಡುವ ಮುಂಚೆ ಅವರು ದನಿ ತಗ್ಗಿಸಿ, ನಮ್ಮ ಒಳ್ಳೆಯದಕ್ಕೇ ಒಂದು ಮಾತು ಹೇಳಿದರು: "ಮುಂದಿನ ಸಲ ಬರುವಾಗ ಬಿಚ್ಚಿಟ್ಟು ಬನ್ನಿ. ಇಲ್ಲ ಅಂದ್ರೆ ಹಳೇ ಡಯಲ್ ಯಾವುದಾದ್ರೂ ಹುಡುಕಿ ಕೂರಿಸಿ, ಯಾರಿಗೂ ಗೊತ್ತಾಗಲ್ಲ."

ಈ ಲೇಖನ ಆ ಮಾತಿನ ವಿರುದ್ಧ. ಆ ಮನುಷ್ಯರ ವಿರುದ್ಧ ಅಲ್ಲ. ಅವರು ಸಜ್ಜನರು, ನನಗಿಂತ ಹೆಚ್ಚು ಕಾರುಗಳನ್ನು ಬಲ್ಲವರು. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿದವರಿಗೆ ಅಂಕ ಕಳೆದು, ಮುಚ್ಚಿಡುವವರಿಗೆ ದಾರಿ ತೋರಿಸುವ ಒಂದು ನಿಯಮವನ್ನು 'ಪರಂಪರೆಯ ರಕ್ಷಣೆ' ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಅಂದು ನಮ್ಮ ಪಕ್ಕದಲ್ಲಿ ನಿಂತಿದ್ದ, ಕನ್ನಡಿಯಂತೆ ಹೊಳೆಯುತ್ತಿದ್ದ ಕಾರು ಲಾರಿಯ ಮೇಲೆ ಬಂದಿತ್ತು, ಲಾರಿಯ ಮೇಲೆಯೇ ವಾಪಸ್ಸು ಹೋಯಿತು. ನಮ್ಮದು ಓಡಿಕೊಂಡು ಬಂದಿತ್ತು. ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಮೊದಲು ಗೇಜು ಯಾಕೆ ಬಂತು ಎಂದು ಹೇಳಬೇಕು.

ಮಾರಿಸ್ ಮೈನರಿನ ಡ್ಯಾಶ್‌ಬೋರ್ಡ್ ನೋಡಿದವರಿಗೆ ಗೊತ್ತು, ಅದರಲ್ಲಿ ಓದುವುದಕ್ಕೆ ಹೆಚ್ಚೇನಿಲ್ಲ. ನಮ್ಮ ಕಾರಿನಲ್ಲಿ ನಡುವೆ ಒಂದು ದೊಡ್ಡ ಸ್ಪೀಡೋಮೀಟರ್, ಅದರೊಳಗೇ ಪೆಟ್ರೋಲಿನ ಮುಳ್ಳು. ಡೈನಮೋ ಚಾರ್ಜ್ ಮಾಡದಿದ್ದರೆ ಹತ್ತುವ ಒಂದು ದೀಪ, ಆಯಿಲ್ ಒತ್ತಡ ತೀರಾ ಕುಸಿದರೆ ಹತ್ತುವ ಇನ್ನೊಂದು ದೀಪ. ಎಂಜಿನ್ನಿನ ನೀರು ಎಷ್ಟು ಕಾದಿದೆ ಎಂದು ಹೇಳುವುದಕ್ಕೆ ಏನೂ ಇಲ್ಲ. ಇಂಗ್ಲೆಂಡಿನ ಚಳಿಗೆ, ಸಾಮಾನ್ಯ ಜನರ ಕೈಗೆಟುಕುವ ಬೆಲೆಗೆ ಮಾಡಿದ ಕಾರು ಅದು. ಅಲ್ಲಿ ಇಷ್ಟು ಸಾಕಾಗಿತ್ತು. ಅದೇ 803 ಸಿಸಿ ಎಂಜಿನ್ನು, ಮೂವತ್ತು ಅಶ್ವಶಕ್ತಿ, ನಾಲ್ಕು ಜನ ಮತ್ತು ಸಾಮಾನು ಹೊತ್ತು ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಘಾಟಿ ಹತ್ತಬೇಕಾಗುತ್ತದೆ ಎಂದು ಅದನ್ನು ಮಾಡಿದವರು ಎಣಿಸಿರಲಾರರು.

ಹಾಗಿದ್ದರೂ ದೊಡ್ಡಪ್ಪ ಅದನ್ನು ದಶಕಗಟ್ಟಲೆ ಓಡಿಸಿದರು. "ಕಾರು ಮಾತಾಡುತ್ತೆ ಕಣಮ್ಮ, ಕೇಳಿಸ್ಕೋಬೇಕು ಅಷ್ಟೆ," ಅನ್ನುತ್ತಿದ್ದರು. ಅದು ಬರೀ ಮಾತಲ್ಲ. ಏರಿನಲ್ಲಿ ಎಂಜಿನ್ನು ಸಣ್ಣಗೆ ಕಟಕಟ ಅಂದರೆ ಸಾಕು, ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತುತ್ತಿದ್ದರು. ಬಿಸಿ ರಬ್ಬರಿನ ವಾಸನೆ ನಮಗ್ಯಾರಿಗೂ ಬರುವ ಮುಂಚೆ ಅವರ ಮೂಗಿಗೆ ಬರುತ್ತಿತ್ತು. ಅಂದರೆ ಈ ಕಾರಿಗೆ ಒಂದು ಹೀಟ್ ಮೀಟರ್ ಮೊದಲಿಂದಲೂ ಇತ್ತು. ಅದು ಡ್ರೈವರ್ ಸೀಟಿನಲ್ಲಿ ಕೂರುತ್ತಿತ್ತು.

ಈಗ ದೊಡ್ಡಪ್ಪನಿಗೆ ಎಪ್ಪತ್ತನಾಲ್ಕು. ಎರಡು ಕಿವಿಗೂ ಯಂತ್ರ ಬಂದಿದೆ. ಎರಡು ವರ್ಷದ ಹಿಂದೆ ಮಡಿಕೇರಿಗೆ ಹೋಗುವಾಗ ಓಡಿಸುತ್ತಿದ್ದವಳು ನಾನು. ಕುಶಾಲನಗರ ದಾಟಿ ಸುಂಟಿಕೊಪ್ಪದ ಕಡೆ ಏರು ಹಿಡಿದಾಗ ಕಾರು ಸ್ವಲ್ಪ ಜಗ್ಗುತ್ತಿದೆ ಅನ್ನಿಸಿತು. ಏರಿಗೆ ಹಾಗಾಗುತ್ತೆ ಅಂದುಕೊಂಡು ಗೇರ್ ಇಳಿಸಿ ಇನ್ನಷ್ಟು ಒತ್ತಿದೆ. ದೀಪಗಳು ಯಾವುವೂ ಹತ್ತಿರಲಿಲ್ಲ. ದೊಡ್ಡಪ್ಪ ಪಕ್ಕದಲ್ಲೇ ಇದ್ದರು. ಅವರಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿದರೂ ಅರ್ಥವಾಗಲಿಲ್ಲ. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಾಗ ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

ಅಷ್ಟು ವರ್ಷದ ಗಸಿ ಕೂತು ರೇಡಿಯೇಟರ್ ಅರ್ಧ ಕಟ್ಟಿಕೊಂಡಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಬೀಡಿನ ಸಿಲಿಂಡರ್ ಹೆಡ್ ಸೊಟ್ಟಗಾಗಿತ್ತು. ಮೈಸೂರಿಗೆ ಎಳೆಸಿ ತಂದೆವು. ಮೇಸ್ತ್ರಿ ಹೆಡ್ಡಿನ ಮೇಲೆ ನೇರಪಟ್ಟಿ ಇಟ್ಟು, ಅದರಡಿ ತೂರುತ್ತಿದ್ದ ಬೆಳಕನ್ನು ನನಗೆ ತೋರಿಸಿದರು. "ಫೇಸಿಂಗ್ ಮಾಡಿಸ್ಬೇಕು ಸಾರ್, ಬೇರೆ ದಾರಿ ಇಲ್ಲ," ಅಂದರು ದೊಡ್ಡಪ್ಪನಿಗೆ. ಯಂತ್ರದ ಮೇಲೆ ಕಟ್ಟಿ, ಮಟ್ಟ ಬರುವ ತನಕ ಲೋಹ ಹೆರೆದರು. ಬೀಡಿನ ಪುಡಿ ಕೆಳಗೆ ಕಪ್ಪಗೆ ರಾಶಿ ಬಿತ್ತು.

ಒರಿಜಿನಲ್ ಅನ್ನುವವರು ದಯವಿಟ್ಟು ಆ ಪುಡಿಯನ್ನು ಒಂದು ಗಳಿಗೆ ನೋಡಬೇಕು. ಅದು 1955ರ ಲೋಹ. ಎಪ್ಪತ್ತು ವರ್ಷ ಎಂಜಿನ್ನಿನೊಳಗೆ ಇದ್ದದ್ದು. ಅದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಹೆಡ್ಡನ್ನು ಹೀಗೆ ಎಷ್ಟು ಸಲ ಬೇಕಾದರೂ ಹೆರೆಯಲೂ ಬರುವುದಿಲ್ಲ. ತೆಳ್ಳಗಾದಷ್ಟೂ ಒಳಗಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ, ಒಂದು ಹಂತ ದಾಟಿದರೆ ಹೆಡ್ಡನ್ನೇ ಬದಲಿಸಬೇಕು. ಡ್ಯಾಶ್‌ಬೋರ್ಡಿನ ಚೆಲುವನ್ನು ಹಾಗೇ ಉಳಿಸಿಕೊಳ್ಳುವ ಹಠದಲ್ಲಿ ನಾವು ಎಂಜಿನ್ನಿನ ಮೂಲವನ್ನು ಕಳೆದುಕೊಂಡೆವು. ಆದರೆ ಆ ನಷ್ಟ ಬಾನೆಟ್ ಎತ್ತಿದರೂ ಕಾಣುವುದಿಲ್ಲ. ಆದ್ದರಿಂದ ಅದಕ್ಕೆ ಅಂಕ ಹೋಗುವುದಿಲ್ಲ. ಕಾಣುವ ಗೇಜಿಗೆ ಹೋಗುತ್ತದೆ.

ಇನ್ನು ಆ 'ಮೂಲ' ಎಂಬುದು ಎಲ್ಲಿದೆ ಎಂದು ಹುಡುಕೋಣ.

ಮಾರಿಸ್ ಮೈನರ್ ವಿನ್ಯಾಸ ಮಾಡಿದವರು ಅಲೆಕ್ ಇಸಿಗೋನಿಸ್. ಕಾರು 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಹೊರಬಂತು. ಅದಕ್ಕೆ ಸ್ವಲ್ಪ ಮುಂಚೆ, ಮಾದರಿ ಎಲ್ಲ ತಯಾರಾದ ಮೇಲೆ, ಇಸಿಗೋನಿಸ್ ಅವರಿಗೆ ಕಾರು ತೀರಾ ಸಪೂರ ಅನ್ನಿಸಿತು. ಮಾದರಿ ಕಾರನ್ನು ಉದ್ದುದ್ದಕ್ಕೆ ಎರಡು ಸೀಳು ಮಾಡಿಸಿ, ಎರಡು ಹೋಳನ್ನೂ ದೂರ ಸರಿಸುತ್ತ ಹೋಗಿ, ಕಣ್ಣಿಗೆ ಸರಿ ಕಂಡಲ್ಲಿ ನಿಲ್ಲಿಸಿದರು. ನಾಲ್ಕು ಇಂಚು ಹೆಚ್ಚಾಯಿತು. ಬಾನೆಟ್ಟಿನ ನಡುವೆ ಇವತ್ತಿಗೂ ಕಾಣುವ ಚಪ್ಪಟೆ ಪಟ್ಟಿ ಆ ನಾಲ್ಕು ಇಂಚಿನ ಗುರುತು. ಬಂಪರುಗಳನ್ನು ಆಗಲೇ ಮಾಡಿಸಿಯಾಗಿತ್ತು. ಹಾಗಾಗಿ ಮೊದಮೊದಲ ಕಾರುಗಳಲ್ಲಿ ಬಂಪರನ್ನು ನಡುವೆ ಕತ್ತರಿಸಿ, ಒಂದು ತುಂಡು ತಗಡು ಸೇರಿಸಿ ಕೂಡಿಸಿದರು. ಸಂಗ್ರಹಕಾರರು ಇವತ್ತು ಮುಗಿಬಿದ್ದು ಹುಡುಕುವ ಅತಿ ಹಳೆಯ, ಅತಿ 'ಒರಿಜಿನಲ್' ಮಾರಿಸ್ ಮೈನರುಗಳು ತೇಪೆ ಹಾಕಿದ ಬಂಪರಿನವು.

ಅಷ್ಟಕ್ಕೇ ನಿಲ್ಲಲಿಲ್ಲ. ಮೊದಲಿಗೆ ಹೆಡ್‌ಲೈಟುಗಳು ಕೆಳಗೆ, ಗ್ರಿಲ್ಲಿನ ಅಕ್ಕಪಕ್ಕ ಇದ್ದವು. ಅಮೆರಿಕದ ನಿಯಮಕ್ಕೆ ಅಷ್ಟು ಎತ್ತರ ಸಾಲದೆಂದು ಮಡ್‌ಗಾರ್ಡಿನ ಮೇಲಕ್ಕೆ ಏರಿಸಿದರು, ಆಮೇಲೆ ಎಲ್ಲ ಕಾರಿಗೂ ಅದೇ ಆಯಿತು. ಎರಡು ಹೋಳಾಗಿದ್ದ ಮುಂದಿನ ಗಾಜು 1956ರಲ್ಲಿ ಒಂದೇ ಆಯಿತು. ಬಾಗಿಲ ಹಿಂದಿನ ಕಂಬದಿಂದ ಪುಟ್ಟ ಕೈಯಂತೆ ಹೊರಬರುತ್ತಿದ್ದ ಟ್ರಾಫಿಕೇಟರ್ 1961ರಲ್ಲಿ ಹೋಗಿ ಮಿಣುಕುವ ಇಂಡಿಕೇಟರ್ ಬಂತು. ಕಾರ್ಖಾನೆಯೇ ತನ್ನ ಕಾರನ್ನು ಕೈಬಿಡದೆ ತಿದ್ದುತ್ತಿತ್ತು. ಕಾರ್ಖಾನೆ ತಿದ್ದಿದರೆ ಇತಿಹಾಸ, ಕಾರಿನ ಮಾಲೀಕ ತಿದ್ದಿದರೆ ಅಪಚಾರ. ಇದು ಯಾವ ನ್ಯಾಯ?

ಪ್ರದರ್ಶನದಲ್ಲಿ ಪೂರ್ಣಾಂಕ ಪಡೆದ ಕಾರುಗಳ ಟ್ಯಾಂಕಿನಲ್ಲಿ ಇದ್ದದ್ದಾದರೂ ಏನು? ಸೀಸ ಬೆರೆಸಿದ ಪೆಟ್ರೋಲ್ ಈ ದೇಶದಲ್ಲಿ 2000ದಲ್ಲೇ ಪೂರ್ತಿ ನಿಂತುಹೋಯಿತು. ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆತದ್ದು. ಹಳೆಯ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲವೆಂದು ಪೆಟ್ರೋಲ್ ಪೈಪುಗಳನ್ನು ಎಲ್ಲರೂ ಸದ್ದಿಲ್ಲದೆ ಬದಲಿಸಿದ್ದಾರೆ. ಟೈರು ಹೊಸತು, ಬ್ಯಾಟರಿ ಹೊಸತು, ಆಯಿಲ್ ಹೊಸ ನಮೂನೆಯದು, ಬಣ್ಣವಂತೂ ಹೋದ ತಿಂಗಳಿನದು. ಇವೆಲ್ಲ ಕ್ಷಮ್ಯ, ಏಕೆಂದರೆ ಇವಿಲ್ಲದೆ ಕಾರು ನಿಲ್ಲುವುದಿಲ್ಲ, ಹೊಳೆಯುವುದಿಲ್ಲ. ಅದೇ ತರ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದು, ಕಾರು ಕುದಿಯದೆ ಇರಲು ಬೇಕಾದದ್ದೂ ಕ್ಷಮ್ಯ ಎಂದರೆ ಮಾತ್ರ ಹುಬ್ಬೇರುತ್ತದೆ.

ಕಾನೂನು ಕೂಡ ಇಷ್ಟು ಕಠೋರವಾಗಿಲ್ಲ. ಬ್ರಿಟನ್ನಿನ ಕ್ಲಬ್ಬುಗಳ ಕಟ್ಟುನಿಟ್ಟಿನ ಲೆಕ್ಕದಲ್ಲಿ 1930ರ ಈಚಿನದು ವಿಂಟೇಜೇ ಅಲ್ಲ. ಆ ಲೆಕ್ಕದಲ್ಲಿ ನಮ್ಮ ಕಾರು ಬರೀ ಹಳೆಯದು. ನಮ್ಮಲ್ಲಿ 2021ರಲ್ಲಿ ಬಂದ ಕೇಂದ್ರದ ನಿಯಮ ಐವತ್ತು ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ಗುರುತಿಸುತ್ತದೆ. ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಟು ಆಗಿರಬಾರದು ಎನ್ನುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ತೂಗುವ ಒಂದು ಗೇಜು ಈ ಮೂರರಲ್ಲಿ ಯಾವುದೂ ಅಲ್ಲ. ಸರ್ಕಾರಕ್ಕಿಂತ ಕಟ್ಟುನಿಟ್ಟಾಗಿರಲು ನಮ್ಮ ಹವ್ಯಾಸಿಗಳಿಗೆ ಮಾತ್ರ ಸಾಧ್ಯ.

ನಾನು ಓದುತ್ತಿರುವುದು ಹಸ್ತಪ್ರತಿಗಳನ್ನು. ಸಂಶೋಧನೆಯ ಬಹುಪಾಲು ಹೊತ್ತು ಕಳೆಯುವುದು ಒಂದೇ ಪ್ರಶ್ನೆಯಲ್ಲಿ: ಈ ಸಾಲು ಕವಿಯದೋ, ನಕಲು ಮಾಡಿದವನದೋ? ಆದ್ದರಿಂದ 'ಮೂಲ' ಎಂಬ ಪದದ ಮೇಲೆ ನನಗೆ ಗೌರವವಿದೆ. ಆ ಗೌರವದಿಂದಲೇ ಹೇಳುತ್ತೇನೆ, ನಮ್ಮ ಗ್ರಂಥಸಂಪಾದನೆಯ ವಿದ್ವಾಂಸರು ಈ ವಿಷಯವನ್ನು ಕಾರಿನವರಿಗಿಂತ ಸೂಕ್ಷ್ಮವಾಗಿ ಯೋಚಿಸಿದ್ದಾರೆ. ಅವರು ಸೇರ್ಪಡೆಗೂ ಪ್ರಕ್ಷೇಪಕ್ಕೂ ವ್ಯತ್ಯಾಸ ಮಾಡುತ್ತಾರೆ. ಇನ್ನೊಬ್ಬರ ಮಾತಿನ ನಡುವೆ ತನ್ನ ಮಾತು ತೂರಿಸಿ, ಅವರದೇ ಎಂಬಂತೆ ಬಿಡುವುದು ಪ್ರಕ್ಷೇಪ. ಅದು ಓದುಗನಿಗೆ ಮಾಡಿದ ಮೋಸ. ತನ್ನ ಹೆಸರಿನಲ್ಲಿ, ತನ್ನ ಜಾಗದಲ್ಲಿ ನಿಂತು ಮುಂದುವರಿಸುವುದು ಬೇರೆಯೇ ಕೆಲಸ.

ಕುಮಾರವ್ಯಾಸ ಭಾರತವನ್ನು ಹತ್ತು ಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಬರೆದ. ಅದು 'ಕೃಷ್ಣರಾಯ ಭಾರತ' ಎಂದು ಬೇರೆ ಹೆಸರಿನಲ್ಲೇ ಉಳಿದಿದೆ. ಕುಮಾರವ್ಯಾಸನ ಹನ್ನೊಂದನೆಯ ಪರ್ವ ಸಿಕ್ಕಿತು ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ನನ್ನಂಥವರಿಗೆ ಕೈತುಂಬ ಕೆಲಸವಿರುತ್ತಿತ್ತು. ಶೂನ್ಯಸಂಪಾದನೆಯದು ಇನ್ನೂ ಸ್ವಾರಸ್ಯದ ಕತೆ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಪಾದಿಸಿದ್ದನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಮತ್ತೆ ಮತ್ತೆ ಸಂಪಾದಿಸಿದರು. ಪ್ರಸಂಗಗಳು ಸೇರಿದವು, ಕ್ರಮ ಬದಲಾಯಿತು. ನಾಲ್ಕೂ ಇವತ್ತು ನಮ್ಮ ಮುಂದಿವೆ, ನಾಲ್ಕಕ್ಕೂ ಮಾಡಿದವರ ಹೆಸರಿದೆ. ಮೊದಲನೆಯದೊಂದೇ ಒರಿಜಿನಲ್, ಉಳಿದ ಮೂರಕ್ಕೆ ಅಂಕ ಕಡಿತ ಎಂದು ಯಾವ ಪ್ರಾಧ್ಯಾಪಕರೂ ಹೇಳಿದ್ದನ್ನು ನಾನು ಕೇಳಿಲ್ಲ.

ಈ ವಿವೇಕ ನಮ್ಮೊಬ್ಬರದೇ ಅಲ್ಲ. ಹಳೆಯ ಕಟ್ಟಡಗಳ ಸಂರಕ್ಷಣೆಗೆ 1964ರಲ್ಲಿ ರೂಪಿಸಿದ ವೆನಿಸ್ ಸನ್ನದು ಹೇಳುವುದೂ ಇದನ್ನೇ: ಅನಿವಾರ್ಯವಾಗಿ ಹೊಸತನ್ನು ಸೇರಿಸಬೇಕಾಗಿ ಬಂದರೆ ಅದು ಹಳೆಯದರಿಂದ ಬೇರೆಯಾಗಿ ಕಾಣಬೇಕು, ತನ್ನ ಕಾಲದ ಗುರುತನ್ನು ಹೊತ್ತಿರಬೇಕು. ಅಂತರರಾಷ್ಟ್ರೀಯ ಹಳೆಯ ವಾಹನಗಳ ಒಕ್ಕೂಟವಾದ ಫೀವಾ ಒಪ್ಪಿಕೊಂಡಿರುವ ಟ್ಯೂರಿನ್ ಸನ್ನದು ಈ ವೆನಿಸ್ ಸನ್ನದಿನ ಹಾದಿಯಲ್ಲೇ ಬಂದದ್ದು. ವಾಹನದ ಬಳಕೆಯನ್ನೂ ಅದು ಸಂರಕ್ಷಣೆಯ ಜೊತೆಗೇ ಇಟ್ಟು ಮಾತಾಡುತ್ತದೆ. ಹೊಸತು ಹೊಸತಾಗಿಯೇ ಕಾಣಲಿ ಎನ್ನುವುದು ಸಂರಕ್ಷಣೆಯ ಒಪ್ಪಿತ ನೀತಿ. "ಹಳೇ ಡಯಲ್ ಕೂರಿಸಿ, ಯಾರಿಗೂ ಗೊತ್ತಾಗಲ್ಲ" ಎನ್ನುವುದು ಪ್ರಕ್ಷೇಪಕ್ಕೆ ಕೊಟ್ಟ ಸಲಹೆ.

ಈಗ ನನ್ನ ಎದುರಾಳಿಗಳ ಗಟ್ಟಿ ವಾದವನ್ನು ಎದುರಿಸಬೇಕು. ಅವರು ಹೇಳುತ್ತಾರೆ: ಇವತ್ತು ಗೇಜು, ನಾಳೆ ಎಸಿ, ನಾಡಿದ್ದು ಪವರ್ ಸ್ಟೀರಿಂಗ್. ಎಲ್ಲಕ್ಕೂ ಒಂದೊಂದು ಕಾರಣ ಸಿಕ್ಕೇ ಸಿಗುತ್ತದೆ. ಕೊನೆಗೆ ಉಳಿಯುವುದು ಹಳೆಯ ಚರ್ಮ ಹೊದ್ದ ಹೊಸ ಕಾರು. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಬಾಗಿಲಲ್ಲೇ ಎಳೆದರೆ ಕ್ಷೇಮ.

ಇದು ಸುಳ್ಳು ಭಯವಲ್ಲ. ಗೇಜು ಕೂರಿಸಲು ಡ್ಯಾಶ್‌ಬೋರ್ಡಿಗೇ ಗರಗಸ ಹಾಕಿದ ಕಾರುಗಳನ್ನು ನಾನು ಕಂಡಿದ್ದೇನೆ. ಉಕ್ಕಿನ ತಗಡಿನಲ್ಲಿ ಎರಡು ಇಂಚಿನ ತೂತು ಕೊರೆದರೆ ಅದು ಶಾಶ್ವತ. ಮುಚ್ಚಿ ಬಣ್ಣ ಬಳಿಯಬಹುದು, ಇರಲಿಲ್ಲ ಅನ್ನಿಸಲು ಬರುವುದಿಲ್ಲ. ಹೀಗೆ ಕೊರೆದವರ ಪರವಾಗಿ ನಾನು ವಾದಿಸುತ್ತಿಲ್ಲ. ಗೆರೆ ಬೇಕು ಎಂಬುದನ್ನೂ ಒಪ್ಪುತ್ತೇನೆ. ಎಲ್ಲಿ ಎಳೆಯಬೇಕು ಎಂಬುದರಲ್ಲಿ ನಮ್ಮ ಜಗಳ. ನಮ್ಮ ಕಾರಿನ ವಿಷಯದಲ್ಲಿ ಗೆರೆ ಎಲ್ಲಿ ಬಿತ್ತು ಎಂದು ಹೇಳಿದರೆ ಮಾತು ಸ್ಪಷ್ಟವಾದೀತು.

ಮೊದಲು ತಂದದ್ದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಿಂದ ಒಂದು ಎಲೆಕ್ಟ್ರಿಕ್ ಗೇಜು. ಚೆಂದದ ಎಲ್‌ಇಡಿ ಬೆಳಕಿನದು. ಮೇಸ್ತ್ರಿ ಅದನ್ನು ನೋಡಿ ನಕ್ಕರು. ಈಗಿನ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿ ಬಾಡಿಗೆ ಸೇರುತ್ತದೆ. ಹಳೆಯ ಮಾರಿಸ್ ಮೈನರಿನಲ್ಲಿ ಅರ್ತ್ ಆಗುವುದು ಪಾಸಿಟಿವ್. ಈ ಗೇಜು ಅದಕ್ಕೆ ಒಗ್ಗುವುದಿಲ್ಲ. "ಬೇಕಾದ್ರೆ ಇಡೀ ಗಾಡೀನೇ ನೆಗೆಟಿವ್ ಅರ್ತ್ ಮಾಡ್ಕೊಡ್ತೀನಿ," ಅಂದರು. ಬ್ಯಾಟರಿ ತಿರುಗಿಸಿ, ಡೈನಮೋದ ಧ್ರುವ ಬದಲಿಸಿ, ಕಾಯಿಲಿನ ವೈರು ಅದಲುಬದಲು ಮಾಡಿದರೆ ಆಯಿತು. ಅರ್ಧ ದಿನದ ಕೆಲಸ. ಅಲ್ಲಿ ನಾವು ಬೇಡ ಅಂದೆವು. ಒಂದು ಗೇಜಿಗಾಗಿ ಕಾರಿನ ವಿದ್ಯುತ್ತಿನ ವ್ಯವಸ್ಥೆಯನ್ನೇ ತಲೆಕೆಳಗು ಮಾಡುವುದಾದರೆ ಕಾರು ಗೇಜಿನ ಸೇವೆಗೆ ನಿಂತಂತಾಗುತ್ತದೆ. ಇದು ಮೊದಲ ಗೆರೆ.

ಅದನ್ನು ವಾಪಸ್ಸು ಕೊಟ್ಟು, ಕರೆಂಟೇ ಬೇಡದ ಮೆಕ್ಯಾನಿಕಲ್ ಗೇಜು ತಂದೆವು. ಒಂದು ತುದಿಯಲ್ಲಿ ಬೇಗ ಆವಿಯಾಗುವ ದ್ರವ ತುಂಬಿದ ಪುಟ್ಟ ಬಲ್ಬು, ಅದರಿಂದ ಗೇಜಿನ ತನಕ ಕೂದಲಷ್ಟು ಸಪೂರ ರಂಧ್ರದ ತಾಮ್ರದ ನಳಿಗೆ. ನೀರು ಕಾದಂತೆ ಬಲ್ಬಿನೊಳಗೆ ಒತ್ತಡ ಏರುತ್ತದೆ. ಆ ಒತ್ತಡ ಗೇಜಿನೊಳಗಿನ ಬಾಗಿದ ಕೊಳವೆಯನ್ನು ನೆಟ್ಟಗಾಗಿಸಲು ನೋಡುತ್ತದೆ, ಆಗ ಮುಳ್ಳು ಸರಿಯುತ್ತದೆ. ಈ ಬಾಗಿದ ಕೊಳವೆಗೆ ಫ್ರಾನ್ಸಿನ ಯೂಜೀನ್ ಬೂರ್ದೋ ಪೇಟೆಂಟ್ ಪಡೆದದ್ದು 1849ರಲ್ಲಿ. ನಮ್ಮ ಕಾರಿಗೆ ತೀರಾ ಹೊಸತು ಎಂದು ಅಂಕ ಕಳೆದುಕೊಂಡ ತಂತ್ರ ಆ ಕಾರಿಗಿಂತ ನೂರು ವರ್ಷಕ್ಕೂ ಹಳೆಯದು.

ಬಲ್ಬು ಕೂರಿಸಲು ಹೆಡ್ಡಿಗೆ ತೂತು ಕೊರೆಯಲಿಲ್ಲ. ರೇಡಿಯೇಟರಿಗೆ ಹೋಗುವ ಮೇಲಿನ ಹೋಸಿನ ನಡುವೆ ಒಂದು ಲೋಹದ ಜೋಡಣೆ ಸೇರಿಸಿ ಅದರಲ್ಲಿ ಕೂರಿಸಿದೆವು. ನಳಿಗೆಯನ್ನು ಒಳಗೆ ತರಲು ಎಂಜಿನ್ನಿಗೂ ನಮಗೂ ನಡುವಿನ ತಗಡಿನಲ್ಲಿ ಮೊದಲೇ ಇದ್ದ, ರಬ್ಬರ್ ಬಿರಡೆ ಹಾಕಿದ್ದ ತೂತು ಸಿಕ್ಕಿತು. ಹೆಚ್ಚಿದ್ದ ನಳಿಗೆಯನ್ನು ಕತ್ತರಿಸುವಂತಿಲ್ಲ, ಕತ್ತರಿಸಿದರೆ ಗೇಜು ಸತ್ತಂತೆ. ದೊಡ್ಡದಾಗಿ ಸುರುಳಿ ಸುತ್ತಿ, ಮುರಿಯದಂತೆ, ಬಿಸಿಗೆ ತಾಗದಂತೆ ಕಟ್ಟಿದೆವು. ಗೇಜನ್ನು ಡ್ಯಾಶಿನ ಕೆಳಗಿನ ಸಾಮಾನಿಡುವ ಹಲಗೆಗೆ, ಅಲ್ಲೇ ಇದ್ದ ತಿರುಪಿನಲ್ಲಿ ಒಂದು ಪಟ್ಟಿ ಸಿಕ್ಕಿಸಿ ತೂಗುಹಾಕಿದೆವು. ಹೊಸ ತೂತು ಒಂದೂ ಇಲ್ಲ. ಇದು ಎರಡನೆಯ ಗೆರೆ: ಬಿಚ್ಚಿದರೆ ಕಾರು ಮುಂಚಿನಂತೆ ಆಗಬೇಕು. ಹಳೆಯ ಹೋಸು ಒಂದು ಚೀಲದಲ್ಲಿದೆ. ಯಾವ ದಿನ ಏನು ಸೇರಿಸಿದೆವು, ಯಾಕೆ ಎಂದು ಬರೆದ ಹಾಳೆ ಆರ್‌ಸಿ ಪುಸ್ತಕದ ಜೊತೆಗಿದೆ. ಇದು ಮೂರನೆಯ ಗೆರೆ.

ಇಷ್ಟಾದ ಮೇಲೆ, ಗೇಜು ದೇವರಲ್ಲ ಎಂಬುದನ್ನೂ ಹೇಳಬೇಕು. ಕೂರಿಸುವ ಮುಂಚೆ ದೊಡ್ಡಮ್ಮನ ಅಡಿಗೆಮನೆಯಲ್ಲಿ ಬಲ್ಬನ್ನು ಕುದಿಯುವ ನೀರಿಗೆ ಇಳಿಬಿಟ್ಟು ನೋಡಿದೆವು. ಮುಳ್ಳು 100ಕ್ಕಿಂತ ಒಂದು ಕೂದಲು ಹಿಂದೆ ನಿಂತಾಗ ನಾನು ಗೇಜೇ ಸರಿಯಿಲ್ಲ ಅಂದುಕೊಂಡೆ. ಆಮೇಲೆ ಹೊಳೆಯಿತು, ಮೈಸೂರಿನ ಎತ್ತರದಲ್ಲಿ ನೀರು 100 ಡಿಗ್ರಿಗೆ ಎರಡು ಮೂರು ಡಿಗ್ರಿ ಮುಂಚೆಯೇ ಕುದಿಯುತ್ತದೆ. ಗೇಜು ಸರಿಯಿತ್ತು, ನನ್ನ ಲೆಕ್ಕ ತಪ್ಪಿತ್ತು.

ಅದಕ್ಕಿಂತ ಮುಖ್ಯವಾದ ಮಿತಿ ಇನ್ನೊಂದಿದೆ. ನಮ್ಮ ಬಲ್ಬು ಇರುವುದು ಥರ್ಮೋಸ್ಟಾಟಿನ ಆಚೆ. ಥರ್ಮೋಸ್ಟಾಟ್ ತೆರೆಯುವ ತನಕ ಬಿಸಿನೀರು ಅಲ್ಲಿಗೆ ಬರುವುದೇ ಇಲ್ಲ. ಅದು ಮುಚ್ಚಿದ ಹಾಗೇ ಸಿಕ್ಕಿಕೊಂಡರೆ ಎಂಜಿನ್ನು ಕುದಿಯುತ್ತಿರುತ್ತದೆ, ಗೇಜು ತಣ್ಣಗಿರುತ್ತದೆ. ನೀರು ಪೂರ್ತಿ ಸೋರಿಹೋದರೂ ಅಷ್ಟೆ; ಬಲ್ಬಿಗೆ ತಾಗುವುದು ಬರೀ ಗಾಳಿ, ಮುಳ್ಳು ಕೆಳಗಿಳಿಯುತ್ತದೆ, ಓದಲು ಬಾರದವರು ನೆಮ್ಮದಿಯಾಗುತ್ತಾರೆ. ಹೊರಟು ಇಷ್ಟು ಹೊತ್ತಾದರೂ ಮುಳ್ಳು ಏಳಲಿಲ್ಲ ಅಂದರೆ, ಎದ್ದದ್ದು ಇದ್ದಕ್ಕಿದ್ದಂತೆ ಬಿತ್ತು ಅಂದರೆ, ಅದೇ ಅಪಾಯದ ಸೂಚನೆ ಎಂದು ಗೊತ್ತಿರಬೇಕು. ಗೇಜು ಹಾಕಿದ ಮಾತ್ರಕ್ಕೆ ಕಿವಿ ಮೂಗು ಮುಚ್ಚಿಕೊಳ್ಳಬಹುದು ಅನ್ನುವವರೂ, ಗೇಜು ಹಾಕಿದರೆ ಕಾರಿನ ಪಾವಿತ್ರ್ಯ ಕೆಟ್ಟಿತು ಅನ್ನುವವರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಇಬ್ಬರೂ ಓದುವ ಕಷ್ಟದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ.

"ನಿಜವಾದ ಡ್ರೈವರಿಗೆ ಗೇಜು ಬೇಡ" ಎಂಬ ಮಾತನ್ನೂ ಆ ದಿನ ಕೇಳಿದೆ. ಹೇಳಿದವರು ದೊಡ್ಡಪ್ಪನ ವಯಸ್ಸಿನವರು. ಅವರ ಹೆಮ್ಮೆ ನನಗೆ ಅರ್ಥವಾಗುತ್ತದೆ. ಆದರೆ ಆ ಕಿವಿ ಇರುವ ತಲೆಮಾರು ಸ್ಟೀರಿಂಗ್ ಬಿಟ್ಟು ಪಕ್ಕದ ಸೀಟಿಗೆ ಸರಿಯುತ್ತಿದೆ. ಕಾರು ಉಳಿಯಬೇಕಾದರೆ ಅದನ್ನು ನಮ್ಮಂಥವರು ಓಡಿಸಬೇಕು. ನಮಗೆ ಆ ಕಿವಿ ಹುಟ್ಟಿನಿಂದ ಬಂದದ್ದಲ್ಲ, ಕಲಿಯಬೇಕು. ಗೇಜು ಕಲಿಸುತ್ತದೆ. ಮುಳ್ಳು 90 ದಾಟಿದಾಗ ಎಂಜಿನ್ನಿನ ಸದ್ದು ಹೇಗಿರುತ್ತದೆ, 80ರಲ್ಲಿ ಹೇಗಿತ್ತು ಎಂದು ಜೋಡಿಸಿ ನೋಡುತ್ತ ಈ ಒಂದು ವರ್ಷದಲ್ಲಿ ನಾನು ಅಷ್ಟಿಷ್ಟು ಕೇಳಿಸಿಕೊಳ್ಳಲು ಕಲಿತಿದ್ದೇನೆ. ಕಠಿಣ ಪದದ ಅರ್ಥವನ್ನು ಅಂಚಿನಲ್ಲಿ ಬರೆದಿಟ್ಟ ಹಸ್ತಪ್ರತಿಯನ್ನು ನಾವು ಕೆಟ್ಟ ಪ್ರತಿ ಅನ್ನುವುದಿಲ್ಲ. ಯಾರೋ ಅದನ್ನು ಓದಿದ್ದರು, ಮುಂದಿನವರು ಓದಲಿ ಎಂದು ಬಯಸಿದ್ದರು ಎಂದು ಸಂತೋಷಪಡುತ್ತೇವೆ.

ಹಾಗಾಗಿ ತೀರ್ಪುಗಾರರಲ್ಲಿ ನನ್ನ ಕೋರಿಕೆ ಇಷ್ಟೆ. ಸೇರಿಸಿದ್ದಕ್ಕೆಲ್ಲ ಅಂಕ ಕಳೆಯಬೇಡಿ. ಬದಲಿಗೆ ಕೇಳಿ: ಇದನ್ನು ಸೇರಿಸಲು ಮೂಲವನ್ನು ಕತ್ತರಿಸಿದ್ದೀರಾ? ಬಿಚ್ಚಿದರೆ ಮುಂಚಿನಂತೆ ಆಗುತ್ತದೆಯೇ? ಹೊಸತೆಂದು ಒಪ್ಪಿಕೊಂಡು, ಬರೆದಿಟ್ಟಿದ್ದೀರಾ? ಇದರಿಂದ ಉಳಿಯುವ ಹಳೆಯದು ಏನು? ಈ ನಾಲ್ಕಕ್ಕೂ ಸರಿಯಾದ ಉತ್ತರ ಕೊಟ್ಟವರಿಗೆ ಪೂರ್ಣಾಂಕ ಕೊಡಿ. ಉತ್ತರ ಕೊಡದವರ ಅಂಕ ಧಾರಾಳವಾಗಿ ಕಳೆಯಿರಿ. ಎಸಿಯವರನ್ನೂ ಗರಗಸದವರನ್ನೂ ತಡೆಯಲು ಈ ಪ್ರಶ್ನೆಗಳೇ ಸಾಕು. ಜೊತೆಗೆ, ಕಾರು ಇಲ್ಲಿಗೆ ಹೇಗೆ ಬಂತು ಎಂದು ಒಂದು ಕಾಲಂ ಹಾಕಿ.

ಪ್ರದರ್ಶನದಿಂದ ಮರಳುವಾಗ "ಮುಂದಿನ ಸಲ ಬಿಚ್ಚಿಟ್ಟು ಹೋಗೋದಾ ದೊಡ್ಡಪ್ಪ?" ಎಂದು ಕೇಳಿದ್ದೆ. ಅವರು ಯಂತ್ರ ಸರಿಮಾಡಿಕೊಂಡು, "ಏನಂದೆ?" ಅಂದರು. ಮತ್ತೆ ಹೇಳಿದೆ. "ಬೇಡ. ಅದು ಬಂದ ಮೇಲೆ ನೀನು ಓಡಿಸುವಾಗ ನಂಗೆ ನಿದ್ದೆ ಬರುತ್ತೆ," ಅಂದರು.

ಈ ಏಪ್ರಿಲ್‌ನಲ್ಲಿ ಮತ್ತೆ ಮಡಿಕೇರಿಗೆ ಹೋದೆವು. ಸುಂಟಿಕೊಪ್ಪದ ಏರಿನಲ್ಲಿ ಮುಳ್ಳು 95ರ ಹತ್ತಿರ ಬಂದಾಗ ಗಾಡಿ ಬದಿಗೆ ಹಾಕಿ, ಮುಚ್ಚಳ ಮುಟ್ಟದೆ, ಬಾನೆಟ್ ಎತ್ತಿ ಇಪ್ಪತ್ತು ನಿಮಿಷ ಕಾದೆ. ದೊಡ್ಡಪ್ಪ ನಿಜವಾಗಿಯೂ ನಿದ್ದೆ ಮಾಡುತ್ತಿದ್ದರು.